ಒಡಪಿನಲ್ಲಿ ಬಂದ ಹೆಸರು

"ಮಾಳಪ್ಪ ಅಲ್ರಿ ಸಾಹೇಬ್ರ, ಮೈಲಾರಿ. ಅಂವನ ಬಾಯಿಂದನ ಕೇಳೀನಿ."

ಲಾಲಸಾಬ ಸುಟ್ಟ ಶೇಂಗಾದ ಪೊಟ್ಟಣವನ್ನು ಮುಂದೆ ಚಾಚಿದ. ವಿಶ್ವನಾಥಪ್ಪ ತೆಗೆದುಕೊಂಡರು, ಬಿಚ್ಚಲಿಲ್ಲ.

ಬಿಡಕಿನ್‌ನ ಕಾರ್ಖಾನೆ ಕಟ್ಟಡದ ಕೆಲಸದಿಂದ ಮಾಯವಾದ ಮಾಳಪ್ಪ ಎಂಬ ಗೌಂಡಿಯನ್ನು ಅವರು ಮಳೆಗಾಲ ಶುರುವಾದಾಗಿನಿಂದ ಹುಡುಕುತ್ತಿದ್ದರು. ಅವನ ಹೆಂಡತಿ ಚನಬಸವ್ವ ನಾಶಿಕದ ಅಂಬಡ್‌ನಲ್ಲಿ, ತಗಡಿನ ಮಾಡಿನ ಬಾಡಿಗೆ ಖೋಲಿಯಲ್ಲಿ, ಕೈಯ ಹಸಿರು ಬಳೆಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು. ಗಂಡ ಇದ್ದಾನೆ ಎಂದರೆ ಬಳೆ ಇರಲಿ, ಇಲ್ಲ ಎಂದರೆ ತೆಗೆದುಬಿಡುತ್ತೇನೆ, ಆದರೆ ಯಾವುದಾದರೂ ಒಂದು ಹೇಳಿ ಎಂದು ಅವಳು ಕೇಳಿಕೊಂಡಿದ್ದಳು.

ಹುಡುಕಾಟ ಬಂದು ನಿಂತದ್ದು ಸಂಭಾಜಿನಗರದ ಹಿಮಾಯತ್ ಬಾಗ್ ಎಂಬ ಹಳೆಯ ತೋಟದ ಗೇಟಿನಲ್ಲಿ, ಒಂದು ಶೇಂಗಾ ಗಾಡಿಯ ಮುಂದೆ. ಲಾಲಸಾಬ ಹುಮನಾಬಾದ್ ಕಡೆಯವನು. ಊರು ಬಿಟ್ಟು ಗಡ್ಡ ಬೆಳ್ಳಗಾಗಿದ್ದರೂ ಕನ್ನಡ ಕಿವಿಗೆ ಬಿದ್ದರೆ ಅಳತೆಗಿಂತ ಒಂದು ಹಿಡಿ ಶೇಂಗಾ ಹೆಚ್ಚಿಗೆ ಹಾಕುವ ಪೈಕಿ. ಮಧ್ಯಾಹ್ನದ ಹೊತ್ತು ಒಬ್ಬ ಕನ್ನಡದವನು ಬಂದು ಒಳಗಿನ ಹುಣಸೆಮರದ ಕೆಳಗೆ ಕೂಡುತ್ತಾನೆ, ಸಣಕಲು ಮೈ, ಸುಣ್ಣ ಸಿಮೆಂಟು ತಿಂದ ಬೆರಳು ಎಂದು ಅವನೇ ಹೇಳಿದ್ದ. ಚಹರೆ ಹೊಂದುತ್ತಿತ್ತು. ಆದರೆ ಆ ಚಹರೆ ಬಿಡಕಿನ್‌ನಲ್ಲಿ ದುಡಿಯುವ ಅರ್ಧ ಜನಕ್ಕೆ ಹೊಂದುತ್ತದೆ. ಫೋಟೊ ಒಂದಾದರೂ ಇದ್ದಿದ್ದರೆ ಈ ಪರದಾಟ ಇರುತ್ತಿರಲಿಲ್ಲ. ಮನೆಗೆ ಇದ್ದ ಒಂದೇ ಫೋನು ಗಂಡನ ಜೇಬಿನಲ್ಲೇ ಹೋಗಿಬಿಟ್ಟಿತ್ತು.

"ಮತ್ತೇನಂತಾನ?" ಎಂದು ವಿಶ್ವನಾಥಪ್ಪ ಕೇಳಿದರು.

"ಭಾಳ ಮಾತಾಡೂದಿಲ್ರಿ. ನಾಶಿಕದಾಗ ಒಬ್ಬಾಕಿ ಅದಾಳ, ಆಕಿಗಿ ಒಂದ್ ಮಾತ ಹೇಳೂದದ, ಆದ್ರ ಮಾರಿ ಹ್ಯಾಂಗ ತೋರ್ಸ್ಲಿ ಅಂತಾನ. ಅಷ್ಟ ಅಂದು ಸುಮ್ಮ ಕೂಡ್ತಾನ."

ಹೆಂಡತಿಯನ್ನು ಬಿಟ್ಟು ಓಡಿಬಂದ ಗಂಡಂದಿರು ಆಡುವ ಮಾತು ಇದೇ. ಖಾಸಗಿ ಪತ್ತೇದಾರಿಕೆಯ ಕೆಲಸದಲ್ಲಿ ವಿಶ್ವನಾಥಪ್ಪ ಇಂಥವರನ್ನು ಸಾಕಷ್ಟು ಕಂಡಿದ್ದರು. ತಲೆಮರೆಸಿಕೊಂಡವನು ಹೆಸರನ್ನೂ ಮರೆಸುತ್ತಾನೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದುಕೊಂಡರು. ಹಾಗೆಂದುಕೊಂಡೇ ಹಿಂದಿನ ದಿನ ಆಳುಗಳ ಮುಕದ್ದಮ ಪ್ರಭಾಕರನಿಗೆ ಫೋನು ಮಾಡಿ, ಚನಬಸವ್ವನನ್ನು ಕರೆದುಕೊಂಡು ಬಾ, ನೋಡಿ ಗುರುತು ಹಿಡಿಯಲಿ ಎಂದು ಹೇಳಿದ್ದರು. ಹುಣಸೆಮರದ ಗುರುತನ್ನೂ ಹೇಳಿದ್ದರು.

ಗೇಟು ದಾಟಿ ಒಳಗೆ ನಡೆದರು.

ಬೆಳಿಗ್ಗೆ ಈ ಬಾಗಿಗೆ ಜನವೋ ಜನ. ಕೈ ಬೀಸಿ ನಡೆಯುವವರು, ಗುಂಪು ಕಟ್ಟಿಕೊಂಡು ನಗುವವರು, ನಗಿಸುವವರು. ಮಧ್ಯಾಹ್ನವಾಯಿತೋ, ಮೊಗಲರ ಕಾಲದಿಂದ ಇದ್ದ ಜಾಗ ಮತ್ತೆ ಮಾವಿನ ಮರಗಳಿಗೆ ಮತ್ತು ನವಿಲುಗಳಿಗೆ ಸೇರುತ್ತದೆ. ಒಣಗಿದ ಹಳೆಯ ಕಲ್ಲುಕಾಲುವೆಯಲ್ಲಿ ತರಗೆಲೆ ತುಂಬಿತ್ತು. ಅಲ್ಲೊಬ್ಬ ಇಲ್ಲೊಬ್ಬ ಮುದುಕ, ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿದ ಒಬ್ಬ ರಿಕ್ಷಾದವನು. ಅಷ್ಟೇ.

ಹೆಂಡತಿ ಮಲ್ಲಮ್ಮ ಇದ್ದಾಗ ಭಾನುವಾರಗಳಂದು ಇಬ್ಬರೂ ಇಲ್ಲಿಗೆ ಬರುತ್ತಿದ್ದರು. ಅವಳು ಡಬ್ಬಿಯಲ್ಲಿ ಚೂಡಾ ತರುತ್ತಿದ್ದಳು, ಕಾಲುವೆಯ ಕಟ್ಟೆಯ ಮೇಲೆ ಕೂತು ತಮ್ಮೂರು ಭಾಲ್ಕಿಯ ಸುದ್ದಿ ಆಡುತ್ತಿದ್ದಳು. ಅವಳು ಹೋದ ಮೇಲೆ ವಿಶ್ವನಾಥಪ್ಪ ಈ ಕಡೆ ಬಂದಿರಲಿಲ್ಲ. ಇಬ್ಬರು ನಡೆದಾಗ ಇಷ್ಟೇ ಇಷ್ಟಿದ್ದ ಬಾಗು ಈಗ ಒಬ್ಬರೇ ನಡೆದರೆ ಮುಗಿಯುತ್ತಲೇ ಇರಲಿಲ್ಲ.

ಗುಲ್ಮಂಡಿಯ ಆಫೀಸಿನಲ್ಲಿ ಅವರನ್ನು ಸಾಹೇಬ ಎನ್ನುತ್ತಾರೆ, ಚಾಳಿನ ಹುಡುಗರು ಅಂಕಲ್ ಎನ್ನುತ್ತಾರೆ. ಮನೆಯಲ್ಲಿ ಅವರ ಹೆಸರು 'ಏನ್ರೀ' ಎಂದಿತ್ತು. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಇದು ಎಂಥ ದೊಡ್ಡ ನಷ್ಟ ಎಂದು ಯಾರಿಗಾದರೂ ಹೇಳೋಣವೆಂದರೆ ನಕ್ಕಾರು, ಆದ್ದರಿಂದ ಅವರು ಯಾರಿಗೂ ಹೇಳಿರಲಿಲ್ಲ.

ಹುಣಸೆಮರದ ಬುಡದಲ್ಲಿ ಯಾರೂ ಇರಲಿಲ್ಲ. ಬೇರುಗಳ ನಡುವೆ ಒಂದು ಸ್ಟೀಲಿನ ಡಬ್ಬಿ ಮಾತ್ರ ಇತ್ತು, ಒಂದು ಪಕ್ಕ ಒಳಗೆ ಕುಸಿದದ್ದು. ಕೊಂಡಿ ಮುರಿದಿದ್ದರಿಂದ ಮುಚ್ಚಳವನ್ನು ಸೀರೆಯ ಅಂಚಿನ ಒಂದು ಪಟ್ಟಿಯಿಂದ ಕಟ್ಟಲಾಗಿತ್ತು. ಡಬ್ಬಿ ಇಟ್ಟು ಹೋದವನು ದೂರ ಹೋಗಿರುವುದಿಲ್ಲ. ವಿಶ್ವನಾಥಪ್ಪ ಅದನ್ನು ಮುಟ್ಟದೆ ಕಟ್ಟೆಯ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಪ್ರಭಾಕರ ಬಂದ. ಬೆಳ್ಳನೆಯ ಶರಟು, ಕೈಯಲ್ಲಿ ಚನಬಸವ್ವನ ಚೀಲ. ಉದಗೀರ ಕಡೆಯವನು, ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಕಲಬುರಗಿ ಜಿಲ್ಲೆಯಿಂದ ಆಳುಗಳನ್ನು ಕರೆತಂದು ನಾಶಿಕ, ಬಿಡಕಿನ್ ಎಂದು ಕೆಲಸಕ್ಕೆ ಹಚ್ಚುವವನು ಅವನೇ. ವಿಶ್ವನಾಥಪ್ಪನವರಿಗೆ ಈ ಕೆಲಸ ಒಪ್ಪಿಸಿದವನೂ ಅವನೇ. ಓದುಬರಹ ಬಾರದ ಬಡ ಹೆಂಗಸು, ಪೊಲೀಸರ ಮೇಲೆ ಬಿಟ್ಟರೆ ಆಗುವುದಿಲ್ಲ, ಖರ್ಚು ನನ್ನದು ಎಂದಿದ್ದ. ಎಂಥ ದೊಡ್ಡ ಮನಸ್ಸು ಎಂದು ಅವರು ಆಗ ಅಂದುಕೊಂಡಿದ್ದರು.

ಚನಬಸವ್ವ ಅವನ ಹಿಂದೆ, ಸೆರಗು ಹೊದ್ದುಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿ ಏನಾದರೂ ತಿಂದೆಯಾ ಎಂದು ವಿಶ್ವನಾಥಪ್ಪ ಕೇಳಿದರೆ, ತಿಂದಿದ್ದಾಳೆ ಎಂದ ಪ್ರಭಾಕರ. ಮೈಯಲ್ಲಿ ಆರಾಮವೇ ಎಂದರೆ, ಆರಾಮ ಎಂದ ಪ್ರಭಾಕರ. ಅಂಬಡ್‌ನ ಖೋಲಿಯಲ್ಲಿಯೂ ಹೀಗೇ ಆಗಿತ್ತು. ಪ್ರಶ್ನೆ ಅವಳಿಗೆ, ಉತ್ತರ ಅವನದು. ಆಗ ವಿಶ್ವನಾಥಪ್ಪನವರಿಗೆ ಅದು ಉಪಕಾರವಾಗಿ ಕಂಡಿತ್ತು. ಇವತ್ತು ಯಾಕೋ ಕಿರಿಕಿರಿಯಾಯಿತು.

ಅಷ್ಟರಲ್ಲಿ ಚನಬಸವ್ವ ಡಬ್ಬಿಯನ್ನು ಕಂಡಳು.

ಅವಳು ಓಡಲಿಲ್ಲ. ಮೆಲ್ಲಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಅಂಚಿನ ಪಟ್ಟಿಯ ಗಂಟನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಡಬ್ಬಿಯನ್ನು ಎತ್ತಿ ಎದೆಗೆ ಅವುಚಿಕೊಂಡಳು.

"ನಮ್ಮದ ರೀ. ಈ ಅಂಚ ನನ್ನ ಸೀರೀದು. ಬಿಡಕಿನ್‌ಗಿ ಹೋಗೂ ದಿನಾ ನಾನ ಕಟ್ಟಿ ಕೊಟ್ಟೀನಿ."

ಹೆಂಡತಿ ಡಬ್ಬಿಯನ್ನು ನೋಡುತ್ತಿದ್ದಳು. ಮುಕದ್ದಮ ಡಬ್ಬಿಯ ಕಡೆ ಒಮ್ಮೆಯೂ ನೋಡಲಿಲ್ಲ. ಅವನ ಕಣ್ಣು ಮರಗಳ ಸಂದುಗಳಲ್ಲಿ ಓಡಾಡುತ್ತಿತ್ತು. ಮನುಷ್ಯ ಎಲ್ಲಿ ಎಂದು ಕೇಳಿದ. ಇಲ್ಲೇ ಎಲ್ಲೋ ಹೋಗಿರಬೇಕು, ಬರುತ್ತಾನೆ ಎಂದರು ವಿಶ್ವನಾಥಪ್ಪ. ಹಾಗಾದರೆ ಅಷ್ಟರಲ್ಲಿ ಮೂವರಿಗೂ ಚಹಾ ತರುತ್ತೇನೆ ಎಂದು ಹೇಳಿ ಅವನು ಹೊರಟುಹೋದ.

ಚನಬಸವ್ವನ ಜೊತೆ ಅವನಿಲ್ಲದೆ ಮಾತಾಡಲು ಸಿಕ್ಕದ್ದು ಇದೇ ಮೊದಲು. ವಿಶ್ವನಾಥಪ್ಪ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಶೇಂಗಾದ ಪೊಟ್ಟಣವನ್ನು ಅವಳ ಪಕ್ಕದಲ್ಲಿಟ್ಟರು.

"ತಂಗಿ, ಒಂದ್ ಮಾತು. ಇಲ್ಲಿ ಅಂವ ತನ್ನ ಹೆಸರು ಮಾಳಪ್ಪ ಅಂತ ಹೇಳಿಲ್ಲ. ಬ್ಯಾರೆ ಹೇಳ್ಯಾನ. ಯಾಕ ಅಂತ ನಿನಗೇನರ ಗೊತ್ತದೇನು?"

ಚನಬಸವ್ವ ಮುಖ ಎತ್ತಿದಳು. "ಮಾಳಪ್ಪನೂ ಸಿಕ್ಕಾನೇನ್ರಿ ಯಪ್ಪಾ? ಇಬ್ರೂ ಜೋಡೀಲೇ ಅದಾರೇನ್ರಿ?"

ವಿಶ್ವನಾಥಪ್ಪ ಅವಳ ಕಡೆ ಪೂರ್ತಿ ತಿರುಗಿ ಕೂತರು.

"ಇಬ್ರು ಅಂದ್ರ?"

ಅವಳು ಹೇಳತೊಡಗಿದಳು. ಮಾಳಪ್ಪ ಅವರ ಊರ ಕಡೆಯ ಹುಡುಗ, ಮದುವೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ತನ್ನ ಗಂಡನ ಕೈಕೆಳಗೆ ಗಾರೆ ಕಲಿತವನು. ಮೈದುನನೇ ಅನ್ನಿ, ಅತ್ತಿಗೆಯನ್ನು ಕರೆಯುವ ಹಾಗೆ ವೈನಿ ವೈನಿ ಎಂದು ಕರೆಯುತ್ತ ಬಂದು ಎರಡು ಹೊತ್ತೂ ಅವಳ ಕೈರೊಟ್ಟಿ ತಿನ್ನುತ್ತಿದ್ದ. ಬಿಡಕಿನ್‌ಗೆ ಇಬ್ಬರೂ ಕೂಡಿಯೇ ಹೋದರು. ಇಬ್ಬರೂ ಬರಲಿಲ್ಲ. ನಾಶಿಕದ ಪೊಲೀಸ್ ಠಾಣೆಯಲ್ಲಿ ಮರಾಠಿ ಸಾಹೇಬರು ಹೆಸರು ಕೇಳಿದಾಗ ಅವಳು ತಲೆ ತಗ್ಗಿಸಿ ನಿಂತಿದ್ದಳು. ಪಕ್ಕದಲ್ಲಿದ್ದ ಮುಕದ್ದಮನೇ ಹೇಳಿದ. ಮಾಳಪ್ಪ ಎಂದದ್ದು ಅವಳ ಕಿವಿಗೂ ಬಿತ್ತು. ಯಾಕೆ ಎಂದು ಕೇಳಿದರೆ, ಇಬ್ಬರ ಹೆಸರೂ ಬರೆಸಿದ್ದೇನೆ, ಹೆಬ್ಬೆಟ್ಟು ಒತ್ತು ಎಂದ. ಅವಳು ಒತ್ತಿದಳು.

ವಿಶ್ವನಾಥಪ್ಪ ಆ ದೂರಿನ ಪ್ರತಿಯನ್ನು ಓದಿದ್ದರು.

ಅಲ್ಲಿ ಬರೆದಿದ್ದದ್ದು ಒಂದೇ ಹೆಸರು. ಚನಬಸವ್ವನ ಗಂಡ ಮಾಳಪ್ಪ ಎಂದು.

ತಪ್ಪು ಪೊಲೀಸರದು ಮಾತ್ರವೇ? ಅವರು ಮರಾಠಿಯವರು, ಮುಂದೆ ನಿಂತವನು ಹೇಳಿದ್ದನ್ನು ಬರೆದುಕೊಂಡರು. ತಾವೋ? ತಾವು ಭಾಲ್ಕಿಯವರು. ಹೆಂಗಸರ ಬಾಯಿಂದ ಗಂಡನ ಹೆಸರು ಹೇಳಿಸಬಾರದು ಎಂಬ ಮರ್ಯಾದೆ ತಾಯಿಯ ಹಾಲಿನ ಜೊತೆ ಬಂದದ್ದು. ಅಂಬಡ್‌ನ ಖೋಲಿಯಲ್ಲಿ ಎಲ್ಲವನ್ನೂ ಕೇಳಿದ್ದರು. ನಿಮ್ಮ ಮನೆಯವರು ಏನು ತಿನ್ನುತ್ತಾರೆ, ಎಲ್ಲಿ ಕೂಡುತ್ತಾರೆ, ಕುಡಿಯುತ್ತಾರಾ ಎಂದೆಲ್ಲ ಕೇಳಿ, ಹೆಸರೊಂದನ್ನು ಕೇಳಿರಲಿಲ್ಲ. ಪತ್ತೇದಾರ ಪಂಜಾಬಿಯೋ ತಮಿಳನೋ ಆಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ. ನನ್ನವರ ರೀತಿ ಬಲ್ಲೆ ಎಂಬ ಹಮ್ಮು ಅವರನ್ನು ಕುರುಡು ಮಾಡಿತ್ತು. ಅವರ ಮರ್ಯಾದೆಯನ್ನು ಪ್ರಭಾಕರ ಚೆನ್ನಾಗಿ ಬಲ್ಲವನಾಗಿದ್ದ.

"ಚನಬಸವ್ವ, ನಿಮ್ಮನಿಯವರ ಹೆಸರೇನವ್ವ?"

ಅವಳು ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡಿದಳು.

ಮೈಲಾರಿಯೇ ಎಂದು ಕೇಳಬಹುದಿತ್ತು. ಅವಳು ಹೌದೆಂದು ತಲೆಯಾಡಿಸುತ್ತಿದ್ದಳು. ಆದರೆ ಅವಳ ಬಾಯಿಗೆ ಬೇರೆಯವರು ಹೆಸರಿಟ್ಟದ್ದರಿಂದಲೇ ಇಷ್ಟೆಲ್ಲ ಆಗಿದೆ. ಈ ಸಲ ಅದು ಅವಳಿಂದಲೇ ಬರಬೇಕು.

"ಹೇಳಬಾರದು ರೀ ಯಪ್ಪಾ. ಅವರ ಆಯುಷ್ಯ ಕಡಿಮಿ ಆಗ್ತದ. ಈಗರ ಹ್ಯಾಂಗ ಹೇಳಲಿ?"

ಆಯುಷ್ಯದ ಮಾತು ಬಂದಮೇಲೆ ಒತ್ತಾಯ ಮಾಡುವುದಾದರೂ ಹೇಗೆ. ಮಲ್ಲಮ್ಮನೂ ಹಾಗೇ ನಂಬಿದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಗಂಡನ ಹೆಸರು ಕೇಳಿದಾಗ ಅವಳು ಗೋಡೆಯ ಕಡೆ ಮುಖ ಮಾಡಿ ನಕ್ಕಿದ್ದಳು. ಇಡೀ ಬಾಳಿನಲ್ಲಿ ಅವಳು ಅವರ ಹೆಸರು ಎತ್ತಿದ್ದು ಒಂದೇ ಸಲ. ಮದುವೆಯಲ್ಲಿ ಅಕ್ಕತಂಗಿಯರು ಬಾಗಿಲು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದಾಗ, ಪ್ರಾಸ ಕಟ್ಟಿ ಒಡಪು ಹಾಕಿದ್ದಳು. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ.

ದಾರಿ ಹೊಳೆಯಿತು.

"ಹೆಸರು ಹೇಳಬ್ಯಾಡ. ಒಡಪು ಹಾಕು," ಎಂದರು.

ಚನಬಸವ್ವ ಅವರನ್ನೇ ನೋಡಿದಳು. ಮುದುಕರಿಗೆ ತಲೆ ಸರಿ ಇದೆಯೇ ಎಂಬ ನೋಟವದು. ಆಮೇಲೆ ಮುಖದಲ್ಲಿ ಏನೋ ಸಡಿಲಾಯಿತು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಮದುವಣಗಿತ್ತಿಯರು ಹೇಳುವ ರಾಗದಲ್ಲಿ, ಸಣ್ಣ ಧ್ವನಿಯಲ್ಲಿ ಹೇಳಿದಳು:

"ಹಿತ್ತಲ ಬಾವ್ಯಾಗ ತಿಳಿನೀರು, ತಂಬಗಿ ತುಂಬಿ ತಂದೀನಿ,
ಮೈಲಾರಿರಾಯರ ಹೆಸರ ಹೇಳಿ ಹೊಸ್ತಿಲ ದಾಟಿ ಬಂದೀನಿ."

ಹೇಳಿ ಮುಗಿಸಿ ನಾಚಿಕೊಂಡಳು. ನಾಚಿಕೆಯ ಹಿಂದೆಯೇ ಅಳು ಬಂತು.

ಮಲ್ಲಮ್ಮನ ಒಡಪು ಹೇಗಿತ್ತು? ಕೊನೆಯಲ್ಲಿ ತಮ್ಮ ಹೆಸರು ಬಂದದ್ದು ನೆನಪಿತ್ತು, ಹೆಂಗಸರೆಲ್ಲ ಗೊಳ್ಳೆಂದದ್ದು ನೆನಪಿತ್ತು. ಮೊದಲ ಸಾಲು ಎಷ್ಟು ತಡಕಿದರೂ ಸಿಗಲಿಲ್ಲ. ಕೇಳೋಣವೆಂದರೆ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

ಮನಸ್ಸನ್ನು ಎಳೆದು ಕೆಲಸಕ್ಕೆ ಹಚ್ಚಿದರು.

ನಾಪತ್ತೆಯಾದವರು ಇಬ್ಬರು. ಪ್ರಭಾಕರ ಹುಡುಕಿಸುತ್ತಿದ್ದದ್ದು ಒಬ್ಬನನ್ನು, ಮಾಳಪ್ಪನನ್ನು. ಮೈಲಾರಿಯ ಹೆಸರೇ ಎಲ್ಲೂ ಬರದಂತೆ ನೋಡಿಕೊಂಡಿದ್ದ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗನಿಗೆ ಒಬ್ಬ ಅಳುವ ಹೆಂಡತಿಯನ್ನು ಅಂಟಿಸಿದರೆ ಪೊಲೀಸರೂ ಹುಡುಕುತ್ತಾರೆ, ಕನಿಕರ ಪಟ್ಟು ಒಬ್ಬ ಮುದಿ ಪತ್ತೇದಾರನೂ ಹುಡುಕುತ್ತಾನೆ. ಬಿಡಕಿನ್‌ನಲ್ಲಿ ಏನೋ ನಡೆದಿದೆ, ಅದನ್ನು ಮಾಳಪ್ಪ ಕಂಡಿದ್ದಾನೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ತಾವೇ ಹೋಗಿ ಹಾಲಿನ ಗಡಿಗೆ ತೋರಿಸಿದಂತಾಗಿತ್ತು.

ಮೈಲಾರಿ ಮಾತ್ರ ಇಲ್ಲಿಯೇ ಇದ್ದಾನೆ. ಅವನು ಹೆಸರು ಬದಲಿಸಿರಲಿಲ್ಲ. ತನ್ನದೇ ಹೆಸರು ಹೇಳಿದ್ದಾನೆ, ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನೂ ಬಿಟ್ಟಿಲ್ಲ.

"ಯಪ್ಪಾ, ನಮ್ಮನಿಯವರು ಅದಾರೇನ್ರಿ? ಖರೇನ ಹೇಳ್ರಿ."

ಕಣ್ಣಾರೆ ಕಾಣದ್ದನ್ನು ಹೇಳಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಅದನ್ನು ಎಷ್ಟೋ ಜನಕ್ಕೆ ಅವರೇ ಉಪದೇಶಿಸಿದ್ದರು. ಆದರೆ ಅವಳ ಬಳೆಯ ಕೈ ಡಬ್ಬಿಯ ಮೇಲಿತ್ತು, ಮತ್ತು ಅವರಿಗೆ ಯಾರಿಗಾದರೂ ಒಂದು ಒಳ್ಳೆಯ ಸುದ್ದಿ ಹೇಳಿ ಬಹಳ ಕಾಲವಾಗಿತ್ತು.

"ಅದಾರ ತಂಗಿ," ಎಂದರು.

ಚನಬಸವ್ವ ಎರಡೂ ಕೈ ಎತ್ತಿ ಮುಗಿದಳು. ಯಾರಿಗೆ ಮುಗಿದಳೋ, ಅವರಿಗೋ, ಮರಕ್ಕೋ, ಮೈಲಾರಲಿಂಗನಿಗೋ.

ಚಹಾ ಇನ್ನೂ ಬಂದಿರಲಿಲ್ಲ.

ಬಂದವನು ಲಾಲಸಾಬ, ಗಾಡಿ ಬಿಟ್ಟು, ಏದುಸಿರು ಬಿಡುತ್ತ. ನಿಮ್ಮ ಜೊತೆ ಬಂದವನು ಚಹಾದ ಅಂಗಡಿಯ ಕಡೆ ಹೋಗಲೇ ಇಲ್ಲ ಎಂದ. ಗೇಟಿಗೆ ಬಂದು, ಆ ಕನ್ನಡದವನು ಎಲ್ಲಿರುತ್ತಾನೆ ಎಂದು ಕೇಳಿದನಂತೆ. ನಲ್ಲಿಗೆ ನೀರು ಕುಡಿಯಲು ಹೋಗಿರಬೇಕು, ಸಸಿಗಳ ನರ್ಸರಿಯ ಹಿಂದೆ ಎಂದು ಲಾಲಸಾಬ ಹೇಳಿಬಿಟ್ಟ. ಕೇಳಿದ್ದೇ ತಡ, ಅವನು ಫೋನಿನಲ್ಲಿ ಯಾರನ್ನೋ ಹಿಂದಿನ ಬಾಗಿಲಿಗೆ ಬಾ ಎಂದು ಕರೆಯುತ್ತ ಒಳಗೆ ನಡೆದ.

"ನಿಮ್ಮಂವ ಅಂತ ಹೇಳಿದೆ ರೀ ಸಾಹೇಬ್ರ. ತಪ್ಪಾತೇನು?"

ವಿಶ್ವನಾಥಪ್ಪ ಆಗಲೇ ಎದ್ದಿದ್ದರು. ಮುಂದೆ ಮೂರು ದಾರಿ ಒಡೆದಿದ್ದವು, ಮೂರೂ ಮಾವಿನ ಮರಗಳ ಒಳಗೆ ಹೋಗಿ ಕಾಣದಾಗುತ್ತಿದ್ದವು. ಲಾಲಸಾಬ ನರ್ಸರಿಯ ದಿಕ್ಕಿಗೆ ಕೈ ತೋರಿಸಿದ, ಆದರೆ ನೀರು ಕುಡಿದವನು ಯಾವ ದಾರಿಯಿಂದ ತಿರುಗಿ ಬರುತ್ತಾನೋ ಯಾರು ಬಲ್ಲರು. ಮಂಡಿನೋವಿನ ಕಾಲಲ್ಲಿ ಎಷ್ಟೆಂದು ಓಡುವುದು. ಲಾಲಸಾಬನಿಗೆ ಕಾವಲುಗಾರರನ್ನು ಕರೆತರಲು ಹೇಳಿ ಕಳಿಸಿದರು.

"ಕೂಗು ತಂಗಿ. ನಾ ಕೂಗಿದ್ರ ಹೆದರಿ ಓಡ್ತಾರ. ನಿನ್ನ ದನಿ ಆದ್ರ ಈ ಕಡೀಗಿ ಬರ್ತಾರ."

ಚನಬಸವ್ವ ಎದ್ದು ನಿಂತಳು. ಉಸಿರು ತುಂಬಿಕೊಂಡು ಕೂಗಿದಳು.

"ಏನ್ರೀ..."

ವಿಶ್ವನಾಥಪ್ಪನವರ ಕತ್ತು ತಾನಾಗಿಯೇ ಅವಳ ಕಡೆ ತಿರುಗಿತು. ತಿರುಗಿದ ಮೇಲೆ ನಾಚಿಕೆಯಾಯಿತು. ಕರೆದದ್ದು ತಮ್ಮನ್ನಲ್ಲ.

ದೂರದಲ್ಲಿ ನವಿಲೊಂದು ಕೂಗಿತು. ಬೇರೆ ಯಾರೂ ಓಗೊಡಲಿಲ್ಲ.

"ಏನ್ರೀ ಅಂದ್ರ ಯಾರಿಗಂತ ಗೊತ್ತಾಗಬೇಕವ್ವ," ಎಂದರು ಅವರು. ಅದಕ್ಕಿಂತ ಹೆಚ್ಚು ಹೇಳಲು ನಾಲಗೆ ಏಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಚನಬಸವ್ವ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ತುಟಿ ಎರಡು ಸಲ ಸುಮ್ಮನೆ ಆಡಿತು. ಮೂರನೆಯ ಸಲಕ್ಕೆ, ಒಡಪಿಲ್ಲದೆ, ಪ್ರಾಸವಿಲ್ಲದೆ, ಬರೀ ಹೆಸರು ಹೊರಬಂತು.

"ಮೈಲಾರೀ... ಮುಕದ್ದಮ ಬಂದಾನ, ಈ ಕಡೀಗಿ ಬರ್ರೀ... ಮೈಲಾರೀ..."

ಮಲಗಿದ್ದ ರಿಕ್ಷಾದವನು ಎದ್ದು ಕೂತ. ಮಾವಿನ ಮರದಿಂದ ಗಿಳಿಗಳು ಹಾರಿದವು. ಇಡೀ ಬಾಗು ಅವಳ ಗಂಡನ ಹೆಸರು ಕೇಳಿತು.

ಎಡಗಡೆಯ ದಾರಿಯ ಆಚೆ ತರಗೆಲೆ ತುಳಿದ ಸಪ್ಪಳವಾಯಿತು. ಯಾರೋ ಓಡಿಬರುತ್ತಿದ್ದರು. ಚನಬಸವ್ವನ ಮುಖ ಅರಳಿತು, ಅವಳು ಡಬ್ಬಿ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಹೋದಳು.

ಆಗ ಆ ಓಡುವವನು ಓಗೊಟ್ಟ.

"ಬಂದೆ ವೈನೀ... ನಾ ಇಲ್ಲೇ ಅದೀನಿ ವೈನೀ..."

ಅವಳು ನಿಂತುಬಿಟ್ಟಳು. ಗಂಡನ ಹೆಸರಿಗೆ ಓಗೊಟ್ಟವನು ಮಾಳಪ್ಪ.

ಬಲಗಡೆಯ ಮರಗಳ ನಡುವೆ ಒಂದು ಬಿಳಿ ಶರಟು ಕಂಡಿತು. ಅದೂ ಧ್ವನಿ ಬಂದ ದಿಕ್ಕಿಗೇ ತಿರುಗಿ ಓಡತೊಡಗಿತು. ಹಿಡಿಯಿರಿ ಎಂದು ಕೂಗಬೇಕೆಂದರೂ ವಿಶ್ವನಾಥಪ್ಪನವರಿಗೆ ಕೂಗಲಾಗಲಿಲ್ಲ, ಏಕೆಂದರೆ ಚನಬಸವ್ವ ಓಡುವವರ ಕಡೆ ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಅವರನ್ನೇ ನೋಡುತ್ತಿದ್ದಳು.

"ಅದಾರ ಅಂದ್ರೆಲ್ರಿ ಯಪ್ಪಾ," ಎಂದಳು.